ಪುಸ್ತಕ ಮುಚ್ಚಿ ಓದುವ ಬಗೆ

ಪಾಠವನ್ನು ಮತ್ತೆ ಮತ್ತೆ ಓದುವುದು, ಮುಖ್ಯವೆನಿಸಿದ ಸಾಲಿಗೆ ಗೆರೆ ಎಳೆಯುವುದು: ಪರೀಕ್ಷೆಗೆ ಕೂತವರಲ್ಲಿ ಹೆಚ್ಚಿನವರ ಅಭ್ಯಾಸ ಇದೇ. ಪಟ್ಟ ಶ್ರಮಕ್ಕೆ ತಕ್ಕ ಫಲ ಮಾತ್ರ ಇದರಿಂದ ಸಿಗದು. ಮೂರನೆಯ ಸಲ ಓದುವ ಹೊತ್ತಿಗೆ ಸಾಲುಗಳ ಮುಖಪರಿಚಯವಾಗಿರುತ್ತದೆ. ಅದನ್ನೇ ನೆನಪೆಂದು ನಂಬಿ ಮೋಸಹೋಗುವವರು ಬಹಳ.

ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ನೆನಪಿದ್ದಷ್ಟನ್ನು ನೋಡದೆ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು. ವಾರ ಕಳೆದ ಮೇಲೆ ಲೆಕ್ಕ ತಲೆಕೆಳಗಾಯಿತು: ನೋಡದೆ ಬರೆದದ್ದರಲ್ಲಿ ಶೇ 56ರಷ್ಟು, ಬರೀ ಓದಿದ್ದರಲ್ಲಿ ಶೇ 42ರಷ್ಟು ಉಳಿದಿತ್ತು. ನೆನಪಿನಿಂದ ಹೊರತೆಗೆಯುವ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತದೆ. ಹೃದಯದ ಪಾಠ ಓದಿದವರು ಪುಸ್ತಕ ಮುಚ್ಚಿ, ರಫ್ ಹಾಳೆಯಲ್ಲಿ ನಾಲ್ಕು ಕೋಣೆ ಬರೆದು, ರಕ್ತ ಹರಿಯುವ ದಾರಿಗೆ ಬಾಣ ಹಾಕಿ, ಆಮೇಲೆ ಪುಸ್ತಕ ತೆರೆದು ತಿದ್ದಿಕೊಳ್ಳಬೇಕು.

ನೆನಪಿಗೆ ಎರಡನೆಯ ಉಪಾಯ ನಡುನಡುವೆ ಬಿಡುವು ಕೊಡುವುದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, 1885ರಲ್ಲಿ ಫಲಿತಾಂಶ ಪ್ರಕಟಿಸಿದ. ಮರೆವು ಮೊದಮೊದಲು ಭರದಿಂದ, ಬರುಬರುತ್ತಾ ನಿಧಾನವಾಗಿ ಆಗುತ್ತದೆಂದು ಅವನು ಕಂಡುಕೊಂಡ. ಹಾಗಾಗಿ ಒಂದೇ ದಿನ ನಾಲ್ಕು ಸಲ ಓದುವ ಬದಲು ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ನೆನಪಿಸಿಕೊಳ್ಳುವುದು ಲಾಭ.

ತರ್ಕದ ಆಸರೆಯಿಲ್ಲದ ಹೆಸರು, ಕ್ರಮಗಳಿಗೆ ಸೂತ್ರ ಬೇಕಾಗುತ್ತದೆ. ಕನ್ನಡ ಛಂದಸ್ಸು ಕಲಿಯುವವರಿಗೆ ಗೊತ್ತಿರುವ ‘ಯಮಾತಾರಾಜಭಾನಸಲಗಂ’ ಅಂಥದು. ಯಾವ ಗಣ ಬೇಕೋ ಆ ಅಕ್ಷರದಿಂದ ಹಿಡಿದು ಮೂರು ಅಕ್ಷರ ಓದಿದರೆ ಸಾಕು. ಯಗಣಕ್ಕೆ ‘ಯಮಾತಾ’: ಲಘು, ಗುರು, ಗುರು. ಜಗಣಕ್ಕೆ ‘ಜಭಾನ’: ಲಘು, ಗುರು, ಲಘು. ಎಂಟು ಗಣಗಳ ವಿನ್ಯಾಸವನ್ನು ಹತ್ತೇ ಅಕ್ಷರಗಳಲ್ಲಿ ಅಡಗಿಸಿದ ಜಾಣ್ಮೆ ಸಣ್ಣದಲ್ಲ. ಆದರೆ ಸೂತ್ರ ಅರ್ಥ ಹೇಳಿಕೊಡದು. ಲಘು ಯಾವುದು, ಗುರು ಯಾವುದು ಎಂದು ತಿಳಿಯದವನಿಗೆ ಇದು ಬರಿಯ ಸದ್ದು.

ಕಲಿತದ್ದು ನೆಲೆಗೊಳ್ಳಲು ನಿದ್ದೆಯೂ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಹೊಸ ಪಾಠ ಹಿಡಿಯುವುದಕ್ಕಿಂತ, ಹಳೆಯದನ್ನೊಮ್ಮೆ ನೋಡದೆ ಬರೆದು ಬೇಗ ಮಲಗುವುದು ಮೇಲು.