ಮೀನು ತರುವ ಮೊದಲು ನೀರು ಸಿದ್ಧವಾಗಲಿ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ನಾನು ಅಮೋನಿಯಾ, ಬ್ಯಾಕ್ಟೀರಿಯಾ ಎಂದೆಲ್ಲ ಬರೆಯುವುದನ್ನು ನೋಡಿ ವಿಜ್ಞಾನ ವಿಭಾಗದ ಗೆಳೆಯರು ನಗಬಹುದು. ಆದರೆ ಈ ಪಾಠವನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ಆರು ಮೀನುಗಳನ್ನು ಕಳೆದುಕೊಂಡು ಕಲಿತದ್ದು.

ಕಳೆದ ವರ್ಷ ಈದ್‌ಗೆ ಸಿಕ್ಕ ಈದಿಯ ಹಣವನ್ನೆಲ್ಲ ಸೇರಿಸಿ ನಾನು ಮತ್ತು ನನ್ನ ತಂಗಿ ಎರಡು ಅಡಿ ಉದ್ದದ ಅಕ್ವೇರಿಯಂ ಕೊಂಡೆವು. ಅದರ ಜೊತೆಗೇ ಆರು ಗೋಲ್ಡ್‌ಫಿಶ್ ತಂದೆವು. "ನೀರು ತುಂಬಿಸಿ, ಸಂಜೆ ಮೀನು ಬಿಡಿ" ಎಂದು ಅಂಗಡಿಯವರು ಹೇಳಿದ್ದರು. ಹಾಗೆಯೇ ಮಾಡಿದೆವು. ಮೂರನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ನೀರು ಕೊಳೆಯಾಗಿದೆ ಎಂದುಕೊಂಡು ನಾನು ಎಲ್ಲ ನೀರನ್ನೂ ಚೆಲ್ಲಿ, ಕಲ್ಲು ಮತ್ತು ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತೊಳೆದೆ. ಟ್ಯಾಂಕ್ ಫಳಫಳ ಹೊಳೆಯಿತು. ಒಂಬತ್ತನೆಯ ದಿನಕ್ಕೆ ಒಂದು ಮೀನೂ ಉಳಿಯಲಿಲ್ಲ.

ತಂಗಿ ಎರಡು ದಿನ ಟ್ಯಾಂಕಿನ ಹತ್ತಿರ ಬರಲಿಲ್ಲ. ದಾದಿ ನನ್ನನ್ನು ಬೈಯಲಿಲ್ಲ. "ಬೇಜುಬಾನ್ ಜಾನ್ವರ್ ಹೈ ಬೇಟಾ" ಎಂದರು ಅಷ್ಟೇ. ಬಾಯಿಲ್ಲದ ಜೀವ, ತನಗೇನಾಗುತ್ತಿದೆ ಎಂದು ಅದು ಹೇಳಲಾರದು, ತಂದವರೇ ಮೊದಲು ತಿಳಿದುಕೊಳ್ಳಬೇಕು ಎಂಬುದು ಅವರ ಮಾತಿನ ಅರ್ಥ. ಆಮೇಲೆ ನಾನು ತಿಳಿದುಕೊಳ್ಳಲು ಹೊರಟೆ.

ನಮ್ಮ ಮೀನುಗಳು ಸತ್ತದ್ದು ರೋಗದಿಂದಲ್ಲ, ತಮ್ಮದೇ ಹೊಲಸಿನಿಂದ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ಆದ್ದರಿಂದ ತಿಳಿಯಾದ ನೀರು ಕೂಡ ವಿಷವಾಗಿರಬಹುದು. ಕೆರೆ, ಹೊಳೆಗಳಲ್ಲಿ ಈ ಹೊಲಸನ್ನು ತೆಗೆಯಲು ಬ್ಯಾಕ್ಟೀರಿಯಾಗಳಿವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತ ಆಮ್ಲಜನಕವನ್ನು ಒಯ್ಯದಂತೆ ಮಾಡುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್‌ನಿಂದ ಅಪಾಯ ಬಹಳ ಕಡಿಮೆ. ಸ್ವಲ್ಪವನ್ನು ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದನ್ನು ನಾವು ನೀರು ಬದಲಿಸಿ ತೆಗೆಯುತ್ತೇವೆ.

ಇಂಥ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೆ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದವರು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಅಕ್ವೇರಿಯಂನಲ್ಲಿ ಎರಡನೆಯ ಕೆಲಸ ಮಾಡುವುದು ನೈಟ್ರೊಬ್ಯಾಕ್ಟರ್ ಎಂದು ಬಹಳ ಕಾಲ ನಂಬಲಾಗಿತ್ತು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರಾ ಎಂಬ ಬೇರೆ ಗುಂಪು ಎಂದು 1998ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾಗಳು ಇಲ್ಲವೆಂಬಷ್ಟು ಕಡಿಮೆ. ಪಾತ್ರೆ ತೊಳೆಯುವವರನ್ನು ನೇಮಿಸದೆ ಹೋಟೆಲ್ ತೆರೆದು ಗಿರಾಕಿಗಳನ್ನು ಕರೆದರೆ ಏನಾಗುತ್ತದೋ ನಮ್ಮ ಟ್ಯಾಂಕಿನಲ್ಲಿ ಅದೇ ಆಯಿತು. ಅವು ಹೆಚ್ಚಾಗಿ ವಾಸಿಸುವುದು ನೀರಿನಲ್ಲಿ ಅಲ್ಲ, ಸ್ಪಂಜು ಮತ್ತು ಕಲ್ಲಿನ ಮೇಲೆ. ಅಂದರೆ, ಆಗಷ್ಟೇ ಬಂದ ನಾಲ್ಕು ಕೆಲಸಗಾರರನ್ನೂ ನಾನೇ ತಿಕ್ಕಿ ತೊಳೆದು ಓಡಿಸಿದ್ದೆ! ನಲ್ಲಿ ನೀರಿನ ಕ್ಲೋರಿನ್ ರೋಗಾಣುಗಳನ್ನು ಕೊಲ್ಲಲೆಂದು ಹಾಕಿದ್ದು, ಅದು ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ.

ಎರಡನೆಯ ಸಲ ಮೀನು ತರಲಿಲ್ಲ. ಖಾಲಿ ಟ್ಯಾಂಕಿಗೆ ಅಮೋನಿಯಾ ಮಾತ್ರ ಹಾಕಿ ಬ್ಯಾಕ್ಟೀರಿಯಾ ಬೆಳೆಸುವುದೆಂದು ತೀರ್ಮಾನಿಸಿದೆ. ಇದಕ್ಕೆ ಟ್ಯಾಂಕ್ ಸೈಕಲ್ ಮಾಡುವುದು ಎನ್ನುತ್ತಾರೆ. ನಮ್ಮ ಟ್ಯಾಂಕಿನಲ್ಲಿ ಕಲ್ಲು ಮತ್ತು ಮೇಲಿನ ಖಾಲಿ ಜಾಗ ಬಿಟ್ಟರೆ ಸುಮಾರು 50 ಲೀಟರ್ ನೀರು. ಲೀಟರಿಗೆ 2 ಮಿಲಿಗ್ರಾಂನಂತೆ 100 ಮಿಲಿಗ್ರಾಂ ಅಮೋನಿಯಾ ಬೇಕು. ರಸಾಯನಶಾಸ್ತ್ರ ಉಪನ್ಯಾಸಕರನ್ನು ಕೇಳಿದಾಗ ಅವರು ಲೆಕ್ಕ ಹಾಕಿಸಿದರು: 53.5 ಗ್ರಾಂ ಅಮೋನಿಯಂ ಕ್ಲೋರೈಡ್‌ನಿಂದ 17 ಗ್ರಾಂ ಅಮೋನಿಯಾ, ಹಾಗಾದರೆ ನನಗೆ ಬೇಕಾದದ್ದು ಒಂದು ಸಲಕ್ಕೆ ಸುಮಾರು 0.3 ಗ್ರಾಂ. ತೂಗಿ ಸಣ್ಣ ಪೊಟ್ಟಣಗಳನ್ನು ಕಟ್ಟಿಕೊಟ್ಟರು. ಮನೆಯಲ್ಲಿ ದಾದಿ ಅದರ ಹೆಸರು ಕೇಳಿ, ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನೌಷಾದರ್ ಇದೇ ಎಂದು ಗುರುತಿಸಿದರು. ಕನ್ನಡದಲ್ಲಿ ಅದು ನವಸಾಗರ. ಕಲಾಯಿಯ ನವಸಾಗರ ಶುದ್ಧವಾಗಿರುವುದಿಲ್ಲ, ಅದನ್ನು ಬಳಸಬೇಡಿ. ಮೀನಿರುವ ಟ್ಯಾಂಕಿಗಂತೂ ಯಾವುದನ್ನೂ ಹಾಕಬೇಡಿ.

ಲೆಕ್ಕಶಾಸ್ತ್ರದ ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದು, ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್‌ನಿಂದ ಅಳೆದು ಬರೆಯುತ್ತಾ ಹೋದೆ. ಅದರ ಸಾರಾಂಶ ಹೀಗಿದೆ:

1ನೇ ದಿನ: ಅಮೋನಿಯಾ 2, ಉಳಿದೆರಡು ಸೊನ್ನೆ.
10ನೇ ದಿನ: ಅಮೋನಿಯಾ ಇಳಿಯತೊಡಗಿತು, ನೈಟ್ರೈಟ್ ಮೊದಲ ಸಲ ಕಂಡಿತು.
18ನೇ ದಿನ: ಅಮೋನಿಯಾ ಬೇಗ ಮುಗಿಯುತ್ತಿದೆ, ಮತ್ತೆ ಒಂದು ಪೊಟ್ಟಣ ಹಾಕಿದೆ. ನೈಟ್ರೈಟ್ ಬಹಳ ಹೆಚ್ಚು.
30ನೇ ದಿನ: ನೈಟ್ರೈಟ್ ಇಳಿಯತೊಡಗಿತು, ನೈಟ್ರೇಟ್ ಏರಿತು.
37ನೇ ದಿನ: ಹಿಂದಿನ ಸಂಜೆ ಹಾಕಿದ 2 ಮಿಲಿಗ್ರಾಂ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆ, ನೈಟ್ರೈಟ್ ಕೂಡ ಸೊನ್ನೆ.

ಈ ಕೊನೆಯ ಸಾಲು ಬಂದರೆ ಮಾತ್ರ ಟ್ಯಾಂಕ್ ಸಿದ್ಧ ಎಂದರ್ಥ. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರ ಬೇಕು. ಆ ದಿನಗಳಲ್ಲಿ ಮನೆಗೆ ಬಂದ ಚಾಚಾ ಖಾಲಿ ಟ್ಯಾಂಕ್ ನೋಡಿ, "ಕ್ಯಾ ರೇ, ಪಾನಿ ಪಾಲ್‌ರಾ ಕ್ಯಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ನೀರು ಸಾಕುತ್ತಿದ್ದೀಯಾ ಎಂದು. ಹೌದು ಚಾಚಾ, ಅದನ್ನೇ ಮಾಡುತ್ತಿದ್ದೆ!

ನೀವೂ ಟ್ಯಾಂಕ್ ಇಡುವುದಾದರೆ ಕೆಲವು ಮಾತು ನೆನಪಿಡಿ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಳಸಿ. ಅಮೋನಿಯಂ ಕ್ಲೋರೈಡ್ ಸಿಗದಿದ್ದರೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿದರೂ ಆಗುತ್ತದೆ, ಅದು ಕೊಳೆತು ಅಮೋನಿಯಾ ಕೊಡುತ್ತದೆ. ಆರೋಗ್ಯವಾಗಿರುವ ಹಳೆಯ ಟ್ಯಾಂಕಿನ ಸ್ಪಂಜಿನ ತುಂಡು ಸಿಕ್ಕರೆ ಕೆಲಸ ಬೇಗ ಆಗುತ್ತದೆ. ಫಿಲ್ಟರ್ ಹಗಲು ರಾತ್ರಿ ಓಡಲಿ. ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು, ಗಂಟೆಗಟ್ಟಲೆ ಕರೆಂಟ್ ಹೋದರೆ ಅವುಗಳಿಗೆ ತೊಂದರೆಯಾಗಬಹುದು. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿಯ ಕೆಳಗೆ ಬೇಡ. ಸೈಕಲ್ ಮುಗಿದ ಮೇಲೆ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ನಂತರ ಮೀನು ಬಿಡಿ.

ನಾವು ಈ ಸಲ ಗೋಲ್ಡ್‌ಫಿಶ್ ತರಲಿಲ್ಲ. ಅವು ದೊಡ್ಡದಾಗಿ ಬೆಳೆಯುತ್ತವೆ, ಎರಡು ಅಡಿಯ ಟ್ಯಾಂಕ್ ಅವುಗಳಿಗೆ ಸಾಲದು. ಆರು ಗಪ್ಪಿ ತಂದೆವು. ತಂಗಿ ಈಗ ಶಾಲೆಗೆ ಹೋಗುವ ಮುನ್ನ ದಿನವೂ ಎಣಿಸುತ್ತಾಳೆ. ಆರು ಇದ್ದದ್ದು ಈಗ ಮರಿಗಳು ಸೇರಿ ಎಣಿಕೆಗೆ ಸಿಗುತ್ತಿಲ್ಲ.

ಮುಂದಿನ ಈದ್‌ಗೆ ಮೀನು ತರಬೇಕೆಂದಿರುವ ಗೆಳೆಯರಿಗೆ ನನ್ನ ಸಲಹೆ ಇಷ್ಟೇ: ಶಬೇ ಬರಾತ್ ಹೊತ್ತಿಗೇ ಟ್ಯಾಂಕಿಗೆ ನೀರು ತುಂಬಿಸಿ ಸೈಕಲ್ ಶುರು ಮಾಡಿ. ಅಲ್ಲಿಂದ ಈದ್‌ಗೆ ಸುಮಾರು ಒಂದೂವರೆ ತಿಂಗಳು. ಈದಿ ಕೈಗೆ ಬರುವಷ್ಟರಲ್ಲಿ ನೀರು ಸಿದ್ಧವಾಗಿರುತ್ತದೆ.