ನಿಮಗಿದು ಗೊತ್ತೆ?

ನಾಗಪುರದ ಸದರ್ ಬಡಾವಣೆಗೆ ಸಮೀಪದ ಹಿಸ್ಲಾಪ್ ಕಾಲೇಜಿನಲ್ಲಿ 1952ರಲ್ಲಿ ಪತ್ರಿಕೋದ್ಯಮ ವಿಭಾಗವು ಸ್ಥಾಪಿತವಾದಾಗ, ಅದಕ್ಕೆ ನೆರವಾಗಲು ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ರೋಲಂಡ್ ವೂಲ್ಸ್‌ಲಿಯವರು ಬಂದಿದ್ದರು. ಆದರೆ ರಾಜಕಾರಣದ ವಾಗಾಡಂಬರವನ್ನು ವಿನೋದದ ಒರೆಗಲ್ಲಿಗೆ ಹಚ್ಚುವ ವಿದ್ಯೆಗಾಗಿ ಕನ್ನಡಿಗರು ಯಾವ ವಿಭಾಗದ ದಾರಿಯನ್ನೂ ಕಾಯಲಿಲ್ಲವೆಂಬುದು ಸ್ವಾರಸ್ಯದ ಸಂಗತಿ: ಅದಕ್ಕೂ ಹತ್ತು ವರ್ಷ ಮೊದಲೇ, ಬೆಂಗಳೂರಿನ ಮೆಜೆಸ್ಟಿಕ್ಕಿನ ಆಸುಪಾಸಿನಲ್ಲಿ ರೋಗಿಗಳ ನಾಡಿ ಹಿಡಿಯುತ್ತಿದ್ದ ವೈದ್ಯ ಎಂ. ಶಿವರಾಂ, ಎಂದರೆ ನಮ್ಮ ‘ರಾಶಿ’ಯವರು, ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಹೊರಡಿಸಿದರು. ಆರ್. ಕೆ. ಲಕ್ಷ್ಮಣರ ಎಳೆಯ ಗೆರೆಗಳಿಗೆ ಇಂಬಿತ್ತ ಈ ಪತ್ರಿಕೆಯ ಪ್ರಮುಖ ಲೇಖಕರಲ್ಲೊಬ್ಬರು ಇತಿಹಾಸದ ಅಧ್ಯಾಪಕ ನಾ. ಕಸ್ತೂರಿ; ಮಲಯಾಳವನ್ನು ಮನೆಮಾತಾಗಿ ಪಡೆದು ಬಂದ ಇವರೇ, ನಿತ್ಯ ಬಳಕೆಯ ಗಂಭೀರ ಶಬ್ದಗಳಿಗೆ ವಕ್ರಾರ್ಥಗಳನ್ನು ಕಟ್ಟಿ ‘ಅನರ್ಥಕೋಶ’ವನ್ನು ರಚಿಸಿದವರು.