ಪೆಡಲಿನ ಥ್ರೆಡ್‌ಗೂ ಬೇಕು ಗ್ರೀಸ್

ರಾಮನಗರ: ಸೈಕಲ್ ಚೈನ್‌ಗೆ ಎಣ್ಣೆ ಬಿಡುವುದನ್ನೂ ಚಕ್ರಕ್ಕೆ ಗಾಳಿ ತುಂಬುವುದನ್ನೂ ಯಾರೂ ಮರೆಯುವುದಿಲ್ಲ. ಆದರೆ ಪೆಡಲ್ ಹೋಗಿ ಕ್ರ್ಯಾಂಕ್‌ಗೆ, ಅಂದರೆ ಅದನ್ನು ಹೊತ್ತು ತಿರುಗುವ ತೋಳಿಗೆ, ಕೂರುವ ಥ್ರೆಡ್‌ನತ್ತ ಗಮನ ಹರಿಯುವುದು ಅದು ಕೈಕೊಟ್ಟ ಮೇಲೆಯೇ.

ಸೈಕಲ್ಲಿಗೂ ಈ ಭಾಗಕ್ಕೂ ನಂಟು ಹಳೆಯದು. ಸರ್ಕಾರಿ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ 2006-07ರಲ್ಲಿ ಆರಂಭವಾದಾಗ ಮುಖ್ಯಮಂತ್ರಿಯಾಗಿದ್ದವರು ರಾಮನಗರದ ಶಾಸಕ ಎಚ್.ಡಿ. ಕುಮಾರಸ್ವಾಮಿ. ಕೋವಿಡ್ ಕಾಲದಲ್ಲಿ ವಿತರಣೆ ನಿಂತುಹೋಯಿತು. ಹೀಗಾಗಿ ಅಕ್ಕ ತುಳಿದ ಸೈಕಲ್ಲನ್ನೇ ತಮ್ಮನೂ ತುಳಿಯುವ ಮನೆಗಳಲ್ಲಿ ಅದರ ಆಯಸ್ಸು ದೊಡ್ಡ ಪ್ರಶ್ನೆ. ಇತ್ತ ಮಾಗಡಿಯ ಸಾವನದುರ್ಗ, ಚನ್ನಪಟ್ಟಣದ ಕಣ್ವ ಜಲಾಶಯ, ಕನಕಪುರದಾಚೆಯ ಮೇಕೆದಾಟುವಿನ ಕಡೆಗೆ ರಜಾದಿನಗಳಲ್ಲಿ ಬರುವ ಹವ್ಯಾಸಿಗಳ ಸೈಕಲ್ಲಿಗೆ ಅಪಾಯ ಇನ್ನೂ ಹೆಚ್ಚು. ಅವುಗಳ ಕ್ರ್ಯಾಂಕ್ ಬಹುತೇಕ ಅಲ್ಯೂಮಿನಿಯಂ, ಪೆಡಲಿನ ಅಚ್ಚು ಉಕ್ಕು. ಎರಡು ಲೋಹಗಳ ನಡುವೆ ಮಳೆನೀರು ಸೇರಿದರೆ ಸವಕಳಿ ಆರಂಭವಾಗಿ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬಲವಂತವಾಗಿ ಬಿಚ್ಚಿದರೆ ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಕೆಲವೇ ರೂಪಾಯಿಯ ಗ್ರೀಸ್ ಉಳಿಸಲು ಹೋಗಿ ಇಡೀ ಕ್ರ್ಯಾಂಕನ್ನೇ ಬದಲಿಸಬೇಕಾದೀತು.

ಗ್ರೀಸ್ ಹಚ್ಚಿದರೆ ಪೆಡಲ್ ಸಡಿಲವಾಗುತ್ತದೆ ಎಂಬ ಅಂಜಿಕೆ ಅನೇಕರಲ್ಲಿದೆ. ಅದಕ್ಕೆ ಆಧಾರವಿಲ್ಲ. ತುಳಿತದ ಭಾರ ಥ್ರೆಡ್‌ನ ಸುತ್ತ ಸುತ್ತುತ್ತಲೇ ಇರುವುದರಿಂದ ಅಚ್ಚು ರಂಧ್ರದೊಳಗೆ ಕಣ್ಣಿಗೆ ಕಾಣದಷ್ಟು ಉರುಳುತ್ತದೆ. ಈ ಉರುಳುವಿಕೆ ಪೆಡಲನ್ನು ಬಿಚ್ಚದೆ ಬಿಗಿಯುವಂತಿರಲೆಂದೇ ಎಡ ಪೆಡಲಿಗೆ ಉಲ್ಟಾ ಥ್ರೆಡ್ ಕೊಟ್ಟಿರುತ್ತಾರೆ. ವಾಸ್ತವದಲ್ಲಿ ಒಣ ಥ್ರೆಡ್ಡೇ ಮೋಸಗಾರ. ಘರ್ಷಣೆಯಿಂದ ಕೈಗೆ ಬಿಗಿ ಎನಿಸಿದರೂ ಪೆಡಲ್ ಪೂರ್ತಿ ಕುಳಿತಿರುವುದಿಲ್ಲ.

ಬಿಚ್ಚಲು ಸಾಮಾನ್ಯವಾಗಿ 15 ಎಂ.ಎಂ. ಸ್ಪ್ಯಾನರ್ ಸಾಕು, ಕೆಲವಕ್ಕೆ 6 ಅಥವಾ 8 ಎಂ.ಎಂ. ಅಲೆನ್ ಕೀ ಬೇಕು. ಸ್ಪ್ಯಾನರ್‌ನ ಹಿಡಿ ಮೇಲ್ಮುಖವಾಗಿರಿಸಿ ಹಿಂಬದಿ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲುಗಳು ಬಿಚ್ಚಿಕೊಳ್ಳುತ್ತವೆ, ಮುಂಬದಿಗೆ ಎಳೆದರೆ ಬಿಗಿಯಾಗುತ್ತವೆ. ಎಡ, ಬಲ ಎಂಬ ಗೊಂದಲಕ್ಕೆ ಇದಕ್ಕಿಂತ ಸರಳ ಉತ್ತರವಿಲ್ಲ. ಹಳೆಯ ಬ್ರಷ್‌ನಿಂದ ಕೊಳೆ ತೆಗೆದು ಬಟ್ಟೆಯಲ್ಲಿ ಒರೆಸಿ, ಅಚ್ಚಿನ ಥ್ರೆಡ್‌ಗೆ ಸುತ್ತಲೂ ತೆಳುವಾಗಿ ಲಿಥಿಯಂ ಗ್ರೀಸ್ ಸವರಬೇಕು. ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಬಾರದು.

ಬಹಳ ಮಂದಿ ಎಡವುವುದು ಮರುಜೋಡಣೆಯಲ್ಲಿ. 'ಎಲ್', 'ಆರ್' ಗುರುತು ನೋಡಿ ಮೊದಲ ಕೆಲವು ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ತಿರುಗದಿದ್ದರೆ ಥ್ರೆಡ್ ಓರೆಯಾಗಿ ಸೇರುತ್ತಿದೆ ಎಂದೇ ಅರ್ಥ. ಅಲ್ಲಿ ಸ್ಪ್ಯಾನರ್ ಬಳಸಿದರೆ ಕ್ರ್ಯಾಂಕ್ ಕೆಟ್ಟಿತು. ಕೊನೆಯಲ್ಲಷ್ಟೇ ಸ್ಪ್ಯಾನರ್ ಹಿಡಿದು ಗಟ್ಟಿಯಾಗಿ ಬಿಗಿದು, ಹೊರಗೆ ಉಕ್ಕಿದ ಗ್ರೀಸನ್ನು ಒರೆಸಬೇಕು. ಬಿಟ್ಟರೆ ದೂಳು ಅಂಟುತ್ತದೆ. ಮುಂಗಾರಿಗೆ ಮುನ್ನ ವರ್ಷಕ್ಕೊಮ್ಮೆ ಇಷ್ಟು ಮಾಡಿದರೆ ಸಾಕು.

ಈಗಾಗಲೇ ಕಚ್ಚಿಕೊಂಡಿರುವ ಪೆಡಲನ್ನು ಸುತ್ತಿಗೆಯಿಂದ ಬಡಿಯಬಾರದು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಸಿ, ಉದ್ದ ಹಿಡಿಯ ಸ್ಪ್ಯಾನರ್ ಬಳಸಬೇಕು. ಆಗಲೂ ಬಾರದಿದ್ದರೆ ಸೈಕಲ್ ಷಾಪ್‌ಗೆ ಒಯ್ಯುವುದೇ ಲೇಸು.